ಕಾಗದದ ಹೆಸರು, ಕರೆಯುವ ಹೆಸರು

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಇರುವವರು. ನಮ್ಮವರ ಊರು ಕುಂದಾಪುರದ ಕಡೆ, ನನ್ನ ತವರು ಧಾರವಾಡ. ಮಗ ಹುಟ್ಟಿ ಒಂದು ತಿಂಗಳಾಯಿತು. ತೀರಿಕೊಂಡ ಮಾವನವರ ಹೆಸರು ವೆಂಕಟರಮಣ. ಅದೇ ಹೆಸರು ಇಡಬೇಕು ಅನ್ನೋದು ಅತ್ತೆಯ ಆಸೆ. ಆದರೆ ಅವರು ಬಾಯಿಬಿಟ್ಟು ಆ ಹೆಸರು ಹೇಳುವುದಿಲ್ಲ, ‘ಅವರ ಹೆಸರು’ ಅನ್ನುತ್ತಾರೆ ಅಷ್ಟೆ. ನನ್ನ ಗಂಡನಿಗೆ ವಿಹಾನ್ ಅಂತ ಚಿಕ್ಕದಾಗಿ ಇಡುವ ಮನಸ್ಸು. ಪುರೋಹಿತರು ರೋಹಿಣಿ ನಾಲ್ಕನೇ ಪಾದ, ‘ವು’ ಅಕ್ಷರ ಅಂದಿದ್ದಾರೆ. ಆ ಅಕ್ಷರದಿಂದ ಒಂದು ಹೆಸರೂ ಸಿಗುತ್ತಿಲ್ಲ. ಧಾರವಾಡದಲ್ಲಿ ನಮ್ಮಪ್ಪ ಯಾರನ್ನೂ ಕೇಳದೆ ಆಗಲೇ ‘ವೆಂಕ್ಯಾ’ ಅಂತ ಶುರುಮಾಡಿದ್ದಾರೆ. ಆಸ್ಪತ್ರೆಯಿಂದ ಜನನ ನೋಂದಣಿ ಆಗಿದೆ, ಹೆಸರಿನ ಜಾಗ ಖಾಲಿ ಇದೆ. ಕಾಗದದಲ್ಲಿ ಒಂದು ಹೆಸರು, ಮನೆಯಲ್ಲಿ ಒಂದು ಹೆಸರು ಇಟ್ಟರೆ ಮುಂದೆ ತೊಂದರೆ ಆಗುತ್ತಾ? ಯಾವುದನ್ನು ಮೊದಲು ಗಟ್ಟಿ ಮಾಡಬೇಕು?

ಉತ್ತರ: ಎರಡು ಹೆಸರಿನಿಂದ ಏನೂ ತೊಂದರೆ ಇಲ್ಲ. ಮನೆಯ ಹೆಸರು ಕಾಗದದೊಳಗೆ ನುಸುಳಿದರೆ ಮಾತ್ರ ತೊಂದರೆ. ಇನ್ನು ಯಾವುದು ಮೊದಲು ಅಂದರೆ, ನಾನು ಕರೆಯುವ ಹೆಸರು ಮೊದಲು ಅನ್ನುತ್ತೇನೆ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ದೊಡ್ಡ ಹೆಸರಿಗಾಗಿ ವಾರಗಟ್ಟಲೆ ಹುಡುಕಾಟ, ಫೋನು, ಮುನಿಸು. ಕರೆಯುವ ಹೆಸರು ಹೇಗೋ ಆಗುತ್ತೆ ಅಂತ ಬಿಟ್ಟುಬಿಡುತ್ತಾರೆ. ಆದರೆ ಮಗು ಬೆಳಗಿನಿಂದ ರಾತ್ರಿಯ ತನಕ ಕೇಳುವುದು ಆ ಹೇಗೋ ಆದ ಹೆಸರನ್ನೇ. ಅದಕ್ಕೆ ನನ್ನ ಸಲಹೆ ಇಷ್ಟು: ಬಾಯಲ್ಲಿ ಸಲೀಸಾಗಿ ಉಳಿಯುವ ಹೆಸರು ಯಾವುದು ಅಂತ ಮೊದಲು ನೋಡಿ. ಅದು ಯಾವ ದೊಡ್ಡ ಹೆಸರಿನೊಳಗೆ ಇದೆಯೋ ಅದನ್ನು ಕಾಗದಕ್ಕೆ ಬರೆಸಿ. ಎರಡನ್ನೂ ಒಂದೇ ಸಲ ಕೂತು ಆರಿಸಿ.

ನಾನು ಮುಂಬಯಿಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದವಳು. ಬೆಳಗ್ಗೆ ಹಾಜರಿ ಪುಸ್ತಕದಲ್ಲಿ ಇರುವ ಹೆಸರು ಓದುತ್ತಿದ್ದೆ, ಬಿಡುವಿನ ಹೊತ್ತಿಗೆ ಅದೇ ಮಕ್ಕಳು ಅಂಗಳದಲ್ಲಿ ಒಬ್ಬರನ್ನೊಬ್ಬರು ಕೂಗುವ ಹೆಸರು ಕೇಳುತ್ತಿದ್ದೆ. ಎರಡಕ್ಕೂ ಸಂಬಂಧ ಇದ್ದ ಮಕ್ಕಳೂ ಇದ್ದರು, ಸಂಬಂಧವೇ ಇಲ್ಲದವರೂ ಇದ್ದರು. ಒಂದನೇ ತರಗತಿಯ ಮೊದಲ ವಾರದಲ್ಲಿ ಹೆಸರು ಕರೆದರೆ ತಲೆ ಎತ್ತದೆ ಕೂರುವ ಮಕ್ಕಳು ಪ್ರತಿ ವರ್ಷ ಸಿಗುತ್ತಿದ್ದರು. ಅವರಿಗೆ ಅದು ತಮ್ಮ ಹೆಸರು ಅಂತಲೇ ಗೊತ್ತಿರುತ್ತಿರಲಿಲ್ಲ. ಮನೆಯಲ್ಲಿ ಯಾರೂ ಒಂದು ಸಲವೂ ಹಾಗೆ ಕರೆದಿರುವುದಿಲ್ಲ. ನಿವೃತ್ತಿಯಾದ ಮೇಲೆ ಹೆಸರಿನ ತಿದ್ದುಪಡಿಗೆ ಓಡಾಡುವ ನಮ್ಮ ಕಡೆಯ ಕುಟುಂಬಗಳಿಗೆ ಅರ್ಜಿ ತುಂಬಿಕೊಡುತ್ತಾ ಬಂದಿದ್ದೇನೆ. ಆ ಅನುಭವದಿಂದ ಹೇಳುತ್ತಿದ್ದೇನೆ.

ಕನ್ನಡದವರು ಹೆಸರನ್ನು ಚಿಕ್ಕದು ಮಾಡುವುದಕ್ಕೆ ಒಂದು ಕ್ರಮ ಇದೆ. ಯಾರೂ ಕಲಿಸಿಕೊಟ್ಟದ್ದಲ್ಲ, ನಾಲಿಗೆಗೆ ಬಂದದ್ದು. ದೊಡ್ಡ ಹೆಸರಿನ ತಲೆಯನ್ನು ಹಿಡಿದುಕೊಂಡು, ನಡುವಿನ ಅಕ್ಷರಕ್ಕೆ ಒತ್ತು ಕೊಟ್ಟು, ಕೊನೆಗೆ ಉ ಅಥವಾ ಇ ಸೇರಿಸುತ್ತೇವೆ. ಸುಬ್ರಹ್ಮಣ್ಯ ಸುಬ್ಬು ಆಗುತ್ತಾನೆ, ಪದ್ಮಾವತಿ ಪದ್ದು, ಲಕ್ಷ್ಮಿ ಲಚ್ಚಿ, ಕೃಷ್ಣ ಕಿಟ್ಟಿ ಅಥವಾ ಕಿಟ್ಟು. ಕೆಲವು ಸಲ ತಲೆ ಬಿಟ್ಟು ಬಾಲ ಹಿಡಿಯುತ್ತೇವೆ: ರಾಮಚಂದ್ರ ಒಂದು ಮನೆಯಲ್ಲಿ ರಾಮು, ಇನ್ನೊಂದು ಮನೆಯಲ್ಲಿ ಚಂದ್ರು. ಕೊನೆಯಲ್ಲಿ ಸ್ವರ ಯಾಕೆ ಬೇಕು ಅಂದರೆ, ಕೂಗುವಾಗ ಎಳೆಯುವುದಕ್ಕೆ. ಕಟ್ಟಡದ ಕೆಳಗೆ ಆಡುತ್ತಿರುವ ಹುಡುಗನನ್ನು ಮೂರನೇ ಮಾಳಿಗೆಯ ಕಿಟಕಿಯಿಂದ ಊಟಕ್ಕೆ ಕರೆದು ನೋಡಿ. ‘ಸುಬ್ಬೂ...’ ಅಂತ ಎಷ್ಟು ಉದ್ದ ಬೇಕಾದರೂ ಎಳೆಯಬಹುದು. ‘ವಿಹಾನ್’ ಅಂತ ಕೂಗಿದರೆ ಕೊನೆಯ ಅಕ್ಷರದಲ್ಲಿ ದನಿ ನಿಂತೇಹೋಗುತ್ತದೆ. ಆಮೇಲೆ ನೀವೇ ವಿಹೂ ಅಂತಲೋ ವಿಯಾ ಅಂತಲೋ ಮಾಡಿಕೊಳ್ಳುತ್ತೀರಿ. ಅಂದರೆ ಚಿಕ್ಕ ಹೆಸರು ಇಟ್ಟರೂ ಕರೆಯುವ ಹೆಸರು ಬೇರೆಯೇ ಹುಟ್ಟುತ್ತದೆ. ನಿಮ್ಮವರು ‘ಚಿಕ್ಕದಾಗಿ ಇಟ್ಟುಬಿಟ್ಟರೆ ಎರಡು ಹೆಸರಿನ ತಾಪತ್ರಯ ಇಲ್ಲ’ ಅಂದುಕೊಂಡಿದ್ದರೆ ಅದು ಅಷ್ಟು ಸರಿ ಅಲ್ಲ.

ಉತ್ತರ ಕರ್ನಾಟಕದಲ್ಲಿ ಗಂಡುಮಕ್ಕಳಿಗೆ ‘ಯಾ’ ಸೇರಿಸುತ್ತಾರೆ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ. ಬಸವರಾಜ ಬಸ್ಯಾ, ಪರಶುರಾಮ ಪರಶ್ಯಾ, ವೆಂಕಟೇಶ ವೆಂಕ್ಯಾ. ಇಲ್ಲಿ ನಿಮಗೊಂದು ಅನುಕೂಲ ಇದೆ. ಮರಾಠಿಯವರೂ ಹಾಗೇ ಮಾಡುತ್ತಾರೆ. ಪ್ರಕಾಶ ಅವರಲ್ಲಿ ಪಕ್ಯಾ, ಗಣೇಶ ಗಣ್ಯಾ, ರಮೇಶ ರಮ್ಯಾ. ಡೊಂಬಿವಲಿಯ ಓರಗೆಯ ಹುಡುಗರು ನಿಮ್ಮ ಮಗನಿಗೆ ‘ಯಾ’ ಸೇರಿಸದೆ ಬಿಡುವುದಿಲ್ಲ. ಧಾರವಾಡದ ಅಜ್ಜನೂ ಡೊಂಬಿವಲಿಯ ಗೆಳೆಯನೂ ಹೇಳದೆ ಕೇಳದೆ ಒಂದೇ ಹೆಸರಿಗೆ ಬಂದು ನಿಲ್ಲುತ್ತಾರೆ. ಕುಂದಾಪುರದವರು ವೆಂಕ್ಟ, ಮಂಜ, ಸೀನ ಅನ್ನುವ ಜನ. ಅವರು ಅವರ ದಾರಿಯಲ್ಲಿ ಹೋಗುತ್ತಾರೆ, ಹೋಗಲಿ ಬಿಡಿ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಹೆಸರು ವಯಸ್ಸಿನ ಜೊತೆ ಬೆಳೆಯಬೇಕು. ನಮ್ಮಲ್ಲಿ ಹೆಸರಿಗೆ ಅಣ್ಣ, ಅಕ್ಕ, ಮಾವ, ಚಿಕ್ಕಪ್ಪ ಸೇರಿಸದೆ ಯಾರೂ ಮಾತಾಡುವುದಿಲ್ಲ ಅಲ್ವಾ? ಇವತ್ತು ಆರಿಸಿದ ಚಿಕ್ಕ ಹೆಸರಿಗೆ ‘ಅಣ್ಣ’ ಸೇರಿಸಿ ಹೇಳಿ ನೋಡಿ. ‘ಚಿಕ್ಕಪ್ಪ’ ಸೇರಿಸಿ ನೋಡಿ. ಸುಬ್ಬಣ್ಣ, ಕಿಟ್ಟಣ್ಣ, ಪದ್ದಕ್ಕ ಎಲ್ಲವೂ ಎಂಬತ್ತು ವರ್ಷದವರೆಗೆ ಬರುತ್ತವೆ. ಚಿಂಟು, ಬಬ್ಲು, ಸ್ವೀಟಿ ತೊಟ್ಟಿಲಲ್ಲಿ ಮುದ್ದಾಗಿರುತ್ತವೆ, ಮೀಸೆ ಬಂದ ಮೇಲೆ ಹುಡುಗ ಗೆಳೆಯರ ಮುಂದೆ ‘ಹಾಗೆ ಕರೀಬೇಡಮ್ಮಾ’ ಅಂತಾನೆ. ಮನೆಯ ಹೆಸರು ಅಂದರೆ ಕೆಳದರ್ಜೆಯದು ಅಂತ ನಾನು ಒಪ್ಪುವುದಿಲ್ಲ. ಪುನೀತ್ ರಾಜ್‌ಕುಮಾರ್ ಹುಟ್ಟಿದಾಗ ಇಟ್ಟ ಹೆಸರು ಲೋಹಿತ್, ಆದರೆ ಇಡೀ ನಾಡು ಅವರನ್ನು ಕರೆದದ್ದು ಅಪ್ಪು ಅಂತ. ಹಾಗೇ ಕಾಗದದ ಹೆಸರನ್ನೂ ಹಗುರ ಮಾಡಬೇಡಿ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿ, ಸಂಗೀತ ಕಲಿಯಲು ಮುಂಬಯಿಗೆ ಬಂದ ಕುಮಾರ ಗಂಧರ್ವರ ನಿಜವಾದ ಹೆಸರು ಶಿವಪುತ್ರ. ಲೋಕಕ್ಕೆ ಅವರು ಕುಮಾರ ಗಂಧರ್ವ. ಆದರೆ ಮಗ ತನ್ನ ಹೆಸರಿನ ಜೊತೆ ಇಟ್ಟುಕೊಂಡದ್ದು ಯಾವುದು? ಮುಕುಲ್ ಶಿವಪುತ್ರ. ಕಾಗದದ ಹೆಸರು ಮುಂದಿನ ತಲೆಮಾರಿಗೆ ಹೋಗುವುದು ಹೀಗೆ.

ಈಗ ನೀವಿರುವ ಊರಿನ ಮಾತು. ಕರ್ನಾಟಕದಲ್ಲಿ ಇದ್ದಿದ್ದರೆ ಇದನ್ನು ಯೋಚಿಸಬೇಕಾಗಿರಲಿಲ್ಲ. ಮುಂಬಯಿ, ಪುಣೆಯಲ್ಲಿ ಮಗುವಿನ ಹೆಸರು ದಿನವೂ ಮರಾಠಿ, ಹಿಂದಿ ಕಿವಿಗೆ ಬೀಳುತ್ತದೆ. ನಮಗೆ ಗುಂಡ ಅಂದರೆ ದುಂಡಗಿರುವ ಮುದ್ದು ಮಗು. ಅವರಿಗೆ ಗುಂಡಾ ಅಂದರೆ ರೌಡಿ. ಗುಂಡಣ್ಣ ಅಂತ ಮನೆಯಲ್ಲಿ ಕರೆಯಿರಿ, ಶಾಲೆಯ ಗೇಟಿನ ಹತ್ತಿರ ಬೇಡ. ಪಾಪು ಅಂತ ಕರೆದರೆ ಹಿಂದಿ ಮಕ್ಕಳಿಗೆ ಪಪ್ಪು ಅಂತ ಕೇಳಿಸುತ್ತದೆ, ಆಮೇಲೆ ಅದು ಬಿಡುವುದಿಲ್ಲ. ನಂದಿನಿಗೆ ನಂದು ಅನ್ನಿ, ನಂದಿ ಅನ್ನಬೇಡಿ. ಮರಾಠಿಯಲ್ಲಿ ಎಲ್ಲದಕ್ಕೂ ತಲೆಯಾಡಿಸುವವನಿಗೆ ನಂದೀಬೈಲ್ ಅನ್ನುತ್ತಾರೆ. ವೇದಾ ಅನ್ನುವುದು ಚಂದದ ಹೆಸರು, ಮರಾಠಿ ಮನೆಗಳಲ್ಲೂ ಇಡುತ್ತಾರೆ. ಆದರೆ ಇಂಗ್ಲಿಷಿನಲ್ಲಿ ವಿ-ಇ-ಡಿ-ಎ ಅಂತ ಬರೆದದ್ದನ್ನು ತುಂಟ ಹುಡುಗರು ವೇಡಾ ಅಂತ ಓದುತ್ತಾರೆ. ಮರಾಠಿಯಲ್ಲಿ ಅದು ಹುಚ್ಚ. ಇಡಲೇಬೇಡಿ ಅಂತ ಹೇಳುತ್ತಿಲ್ಲ. ಇಡುವ ಮೊದಲು ಮಹಡಿಯ ಮೇಲಿನ ಮರಾಠಿ ಅಕ್ಕನ ಹತ್ತಿರ, ಅವರ ಹತ್ತು ವರ್ಷದ ಮಗನ ಹತ್ತಿರ ಒಂದು ಸಲ ಹೇಳಿಸಿ ನೋಡಿ. ಹತ್ತು ವರ್ಷದ ಹುಡುಗ ನಕ್ಕರೆ ಆ ಹೆಸರು ಮನೆಯೊಳಗೆ ಇರಲಿ.

ಬರವಣಿಗೆ ಇದಕ್ಕಿಂತ ದೊಡ್ಡ ಸಂಗತಿ. ಮಹಾರಾಷ್ಟ್ರದಲ್ಲಿ ಜನನ ಪ್ರಮಾಣಪತ್ರ ಮರಾಠಿ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಕನ್ನಡದ ಹೆಸರು ಈ ಎರಡು ಬಾಗಿಲು ದಾಟಬೇಕು. ಕರ್ನಾಟಕದಲ್ಲಿ ನಾವು ‘ತ’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಟಿ-ಎಚ್ ಬರೆಯುತ್ತೇವೆ. ಇಲ್ಲಿ ‘ತ’ಗೆ ಬರೀ ಟಿ. ಟಿ-ಎಚ್ ಅಂದರೆ ಇವರಿಗೆ ‘ಥ’. ಕನ್ನಡ ಮನೆಯ ಸ್ವಾತಿ ಎಂಬ ಹುಡುಗಿಯ ಪ್ರಮಾಣಪತ್ರದ ಮರಾಠಿ ಸಾಲಿನಲ್ಲಿ ‘ಸ್ವಾಥಿ’ ಅಂತ ಅಚ್ಚಾಗಿದ್ದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅಪ್ಪ ಊರಿನ ರೂಢಿಯಂತೆ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು, ಕಚೇರಿಯಲ್ಲಿ ಕೂತವರು ಅದನ್ನು ನೋಡಿ ಮರಾಠಿ ಮಾಡಿದ್ದರು. ಇಬ್ಬರದೂ ತಪ್ಪಿಲ್ಲ. ಹುಡುಗಿ ಮಾತ್ರ ಮರಾಠಿ ಪುಸ್ತಕದ ಮೇಲೆ ಒಂದು ಹೆಸರು, ಕನ್ನಡ ಪುಸ್ತಕದ ಮೇಲೆ ಒಂದು ಹೆಸರು ಬರೆಯುತ್ತಿದ್ದಳು.

‘ಜ್ಞ’ ಬಂದರೆ ಇನ್ನೂ ಗೊಂದಲ. ನಮ್ಮ ಪ್ರಜ್ಞಾ ಇವರಲ್ಲಿ ಪ್ರದ್ನ್ಯಾ. ಇಂಗ್ಲಿಷಿನಲ್ಲಿ ಬರೆಯುವಾಗಲೂ ಡಿ-ಎನ್-ವೈ ಹಾಕುತ್ತಾರೆ. ಮರಾಠಿಯಲ್ಲಿ ‘ಳ’ ಇದೆ, ‘ಣ’ ಇದೆ, ಆ ವಿಷಯದಲ್ಲಿ ನಾವು ಅದೃಷ್ಟವಂತರು. ಇಲ್ಲದಿರುವುದು ಎ-ಏ, ಒ-ಓ ವ್ಯತ್ಯಾಸ. ಒಲವು ಅಂತ ಇಟ್ಟರೆ ಓಲವು ಆಗುತ್ತದೆ. ಇನ್ನು ಕೊನೆಯ ‘ಅ’ಕಾರವನ್ನು ಮರಾಠಿಯವರು ನುಂಗಿಬಿಡುತ್ತಾರೆ. ಸುಮ ಅಂತ ಬರೆದರೆ ಸುಮ್ ಅಂತ ಓದುತ್ತಾರೆ, ಅದಕ್ಕೆ ಹೆಣ್ಣುಮಕ್ಕಳ ಹೆಸರಿಗೆ ಸುಮಾ ಅಂತ ದೀರ್ಘ ಕೊಟ್ಟು ಬರೆಸುವುದು ಒಳ್ಳೆಯದು. ನಿಮ್ಮ ಮಾವನವರ ಹೆಸರಿಗೂ ಇಂಥದ್ದೊಂದು ಇದೆ: ಮರಾಠಿಯಲ್ಲಿ ವೆಂಕಟೇಶನನ್ನು ವ್ಯಂಕಟೇಶ ಅನ್ನುವುದು ರೂಢಿ. ವೆಂಕಟರಮಣ ಅಂತ ನೀವು ಹೇಳಿದ್ದನ್ನು ಒಬ್ಬರು ವೆಂಕಟ, ಇನ್ನೊಬ್ಬರು ವ್ಯಂಕಟ ಅಂತ ಬರೆಯಬಹುದು. ಇಂಗ್ಲಿಷಿನಲ್ಲಿ ಹದಿಮೂರು ಅಕ್ಷರ, ನಡುವಿನ ಒಂದು ಎ, ಕೊನೆಯ ಒಂದು ಎ ಬಿಟ್ಟರೂ ಓದುವುದಕ್ಕೆ ಹಾಗೇ ಕಾಣುತ್ತದೆ. ಆಧಾರ್‌ನಲ್ಲಿ ಒಂದು, ಶಾಲೆಯಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು ಆಗುವುದು ಇಂಥ ಹೆಸರುಗಳಲ್ಲೇ ಜಾಸ್ತಿ.

ಹಿರಿಯರ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ನಿಮ್ಮ ಅತ್ತೆಯ ಮಾತು. ಗಂಡನ ಹೆಸರು ಮನೆಯಲ್ಲಿ ಉಳಿಯಬೇಕು, ಆದರೆ ಆ ಹೆಸರನ್ನು ಅವರು ನಾಲಿಗೆಯ ಮೇಲೆ ತರುವವರಲ್ಲ. ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ಮನೆಗಳಲ್ಲಿ ಇದು ಮೊದಲಿನಿಂದ ಇರುವ ಪೇಚು. ಅಜ್ಜಿ ಗಂಡನ ಹೆಸರು ಹೇಳುವುದಿಲ್ಲ, ಸೊಸೆ ಮಾವನ ಹೆಸರು ಹೇಳುವುದಿಲ್ಲ. ಹಾಗಾದರೆ ಮಗುವನ್ನು ಕರೆಯುವುದು ಹೇಗೆ? ಪುಟ್ಟ, ತಮ್ಮ, ಅಪ್ಪು, ಅಣ್ಣಿ, ಕೆಲವು ಕಡೆ ನೇರವಾಗಿ ಅಜ್ಜ. ನಮ್ಮ ಎಷ್ಟೋ ಮನೆಗಳಲ್ಲಿ ಕರೆಯುವ ಹೆಸರು ಹುಟ್ಟಿದ್ದು ಮುದ್ದಿಗಿಂತ ಮೊದಲು ಈ ಮರ್ಯಾದೆಯಿಂದ. ನೀವು ಈ ಕಾಲದವರು, ನಿಮಗೆ ಮಾವನ ಹೆಸರು ಹೇಳುವುದು ಕಷ್ಟ ಅಲ್ಲದಿರಬಹುದು. ಅತ್ತೆಗೆ ಕಷ್ಟ. ಹಗಲೆಲ್ಲ ಮಗುವಿನ ಜೊತೆ ಇರುವವರು ಅವರೇ ಅಲ್ವಾ? ಕರೆಯುವ ಹೆಸರು ಅವರ ಬಾಯಿಗೆ ಬರುವಂಥದ್ದು ಆಗಬೇಕು.

‘ವು’ ಅಕ್ಷರಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಇಪ್ಪತ್ತೇಳು ನಕ್ಷತ್ರಕ್ಕೆ ನಾಲ್ಕು ನಾಲ್ಕು ಪಾದ, ಒಟ್ಟು 108 ಅಕ್ಷರ. ರೋಹಿಣಿಗೆ ಓ, ವ, ವಿ, ವು. ಇದರಲ್ಲಿ ಎಲ್ಲದಕ್ಕೂ ಹೆಸರು ಸಿಗುವುದಿಲ್ಲ. ಆರಿದ್ರೆಯ ಮೂರನೇ ಪಾದಕ್ಕೆ ‘ಙ’ ಇದೆ, ಹಸ್ತದ ಮೂರನೇ ಪಾದಕ್ಕೆ ‘ಣ’ ಇದೆ. ಆ ಪಾದದಲ್ಲಿ ಹುಟ್ಟಿದ ಮಕ್ಕಳೇನು ಹೆಸರಿಲ್ಲದೆ ಉಳಿದರಾ? ಸಂಪ್ರದಾಯದಲ್ಲೇ ಒಂದು ಮಗುವಿಗೆ ನಾಲ್ಕು ಬಗೆಯ ಹೆಸರು ಹೇಳಿದ್ದಾರೆ: ನಕ್ಷತ್ರದ ಹೆಸರು, ಹುಟ್ಟಿದ ತಿಂಗಳ ಹೆಸರು, ಕುಲದೇವರ ಹೆಸರು, ವ್ಯವಹಾರದ ಹೆಸರು. ವ್ಯವಹಾರದ ಹೆಸರು ಅಂದರೆ ಲೋಕದಲ್ಲಿ ನಡೆಯುವ ಹೆಸರು. ಅದು ನಕ್ಷತ್ರದ ಅಕ್ಷರದಿಂದಲೇ ಶುರುವಾಗಬೇಕು ಅಂತ ಕಟ್ಟು ಇಲ್ಲ. ನಕ್ಷತ್ರದ ಹೆಸರನ್ನು ಕಿವಿಯಲ್ಲಿ ಹೇಳಿ ಬಿಡಬಹುದು. ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ಹಿಡಿದು ವಾಸುದೇವ ಅಂತಲೋ ವಿಠಲ ಅಂತಲೋ ಹೇಳಿಸುವವರೂ ಇದ್ದಾರೆ. ನಿಮ್ಮ ಪುರೋಹಿತರನ್ನು ಹೀಗೆ ಕೇಳಿ, ಅವರಿಗೆ ಇದು ಹೊಸದಲ್ಲ.

ಕಾಗದದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ, ಆದರೆ ಗಮನ ಇಟ್ಟು ಓದಿ. ಹೆರಿಗೆ ಎಲ್ಲಿ ಆಯಿತೋ ಅಲ್ಲಿಯ ಕಚೇರಿಯಲ್ಲಿ ನೋಂದಣಿ. ಮನೆ ಡೊಂಬಿವಲಿಯಲ್ಲಿದ್ದು ಹೆರಿಗೆ ಮುಲುಂಡಿನಲ್ಲಿ ಆಗಿದ್ದರೆ ಮುಂಬಯಿ ಮಹಾನಗರಪಾಲಿಕೆ, ಡೊಂಬಿವಲಿಯಲ್ಲೇ ಆಗಿದ್ದರೆ ಕಲ್ಯಾಣ-ಡೊಂಬಿವಲಿ ಪಾಲಿಕೆ. ಜನನವನ್ನು 21 ದಿನದೊಳಗೆ ತಿಳಿಸಬೇಕು, ಅದು ನಿಮ್ಮದು ಆಗಿದೆ. ಹೆಸರು ಸೇರಿಸುವುದಕ್ಕೆ 12 ತಿಂಗಳ ತನಕ ಶುಲ್ಕ ಇಲ್ಲ. ಆಮೇಲೆ 15 ವರ್ಷದವರೆಗೂ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಹಾಗಾಗಿ ಇವತ್ತೇ ಓಡಬೇಕಾಗಿಲ್ಲ. ಒಂದೆರಡು ತಿಂಗಳು ಆ ಹೆಸರಿನಿಂದ ಕರೆದು, ನಾಲಿಗೆಗೆ ಒಗ್ಗಿದ ಮೇಲೆ ಬರೆಸಿ. ಬರೆಸಿದ ಮೇಲೆ ಮಾತ್ರ ಅದು ಕಲ್ಲಿನ ಮೇಲಿನ ಗೆರೆ. ಅಕ್ಷರದ ತಪ್ಪು ತಿದ್ದಿಸಬಹುದು, ಹೆಸರೇ ಬೇರೆ ಮಾಡಬೇಕು ಅಂದರೆ ರಾಜ್ಯದ ರಾಜಪತ್ರದಲ್ಲಿ ಪ್ರಕಟಿಸುವ ತನಕ ಹೋಗಬೇಕಾಗುತ್ತದೆ.

ಮೊದಲು ಜನನ ಪ್ರಮಾಣಪತ್ರ ಒಂದು ಕಡೆ ಬಿದ್ದಿರುತ್ತಿತ್ತು, ಶಾಲೆಯ ದಾಖಲೆಯಲ್ಲಿ ಇದ್ದದ್ದೇ ಹೆಸರು ಆಗುತ್ತಿತ್ತು. ಈಗ ಹಾಗಿಲ್ಲ. 2023ರಲ್ಲಿ ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿ ಬಂತು. ಆ ವರ್ಷ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ, ಜಾಗಕ್ಕೆ ಜನನ ಪ್ರಮಾಣಪತ್ರ ಒಂದೇ ಪುರಾವೆ. ಶಾಲೆ ಸೇರಿಸುವಾಗ, ಆಧಾರ್‌ಗೆ, ಪಾಸ್‌ಪೋರ್ಟಿಗೆ, ಮುಂದೆ ಲೈಸೆನ್ಸಿಗೆ, ಮತದಾರರ ಪಟ್ಟಿಗೆ, ಮದುವೆ ನೋಂದಣಿಗೆ, ಸರಕಾರಿ ಕೆಲಸಕ್ಕೆ ಇದನ್ನೇ ಕೇಳುತ್ತಾರೆ. ಇದರ ಮೇಲಿನ ಹೆಸರು ಯಾವುದೋ ಉಳಿದ ಕಡೆಯೂ ಅದೇ ನಡೆಯುತ್ತದೆ. ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ಆ ಎರಡನ್ನು ಮಗು ಹಾಲು ಕುಡಿಯುವಾಗಲೇ ಖರ್ಚು ಮಾಡಬೇಡಿ.

ಮಹಾರಾಷ್ಟ್ರದಲ್ಲಿ ಇನ್ನೊಂದು ನಿಯಮ ಇದೆ, ಹೊಸಬರಿಗೆ ಅದು ತಿಳಿದಿರುವುದಿಲ್ಲ. 2024ರ ಮೇ 1 ಅಥವಾ ಅದರ ನಂತರ ಹುಟ್ಟಿದವರ ಹೆಸರನ್ನು ಸರಕಾರಿ ದಾಖಲೆಯಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಈ ಕ್ರಮದಲ್ಲಿ ಬರೆಯಬೇಕು. ತಾಯಿಯ ಹೆಸರು ಮಗುವಿನ ಹೆಸರಿನ ಪಕ್ಕದಲ್ಲೇ ಬರುತ್ತದೆ, ನನಗೆ ಇದು ಬಹಳ ಸಂತೋಷದ ವಿಷಯ. ಆದರೆ ಲೆಕ್ಕ ಹಾಕಿ. ವೆಂಕಟರಮಣ, ಆಮೇಲೆ ನಿಮ್ಮ ಹೆಸರು, ಆಮೇಲೆ ನಿಮ್ಮವರ ಹೆಸರು, ಆಮೇಲೆ ಸರ್‌ನೇಮ್. ಅರ್ಜಿಯ ಚೌಕಗಳು ಸಾಲುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಿ ಹಾಕುತ್ತಾರೆ, ಕತ್ತರಿಸಿದ್ದು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಹಾಗಾಗಿ ಇಲ್ಲಿ ಹುಟ್ಟುವ ಮಗುವಿನ ಸ್ವಂತ ಹೆಸರು ಮೂರು ನಾಲ್ಕು ಅಕ್ಷರದೊಳಗೆ ಇದ್ದರೆ ಒಳ್ಳೆಯದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹಳೆ ಮೈಸೂರು ಕಡೆಯವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ಬರೀ ಇನಿಷಿಯಲ್ ಇಟ್ಟುಕೊಂಡು ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರಿಗೆ ಭೇಟಿ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ಯುಎಇ 2022ರಲ್ಲಿ ಹೇಳಿತು. ದುಬೈಗೆ ಹೊರಟ ಎಷ್ಟೋ ಜನ ಆಗ ಒದ್ದಾಡಿದರು. ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಜಾಗದಲ್ಲಿ ತುಂಬಿ, ಮನೆಯ ಎಲ್ಲ ಮಕ್ಕಳಿಗೂ ಅದನ್ನೇ ಇಡಿ.

ಇನ್ನು ‘ಉರ್ಫ್’ ಅಂತ ಮನೆಯ ಹೆಸರನ್ನೂ ಸೇರಿಸಿಬಿಡೋಣ ಅನ್ನುವವರು ಇದ್ದಾರೆ. ದಯವಿಟ್ಟು ಬೇಡ. ಒಂದು ಕಾಗದದಲ್ಲಿ ಉರ್ಫ್ ಬಂದರೆ ಉಳಿದದ್ದರಲ್ಲಿ ಯಾಕಿಲ್ಲ ಅಂತ ಕೇಳುತ್ತಾರೆ. ಆಸ್ಪತ್ರೆಯ ಫಾರಂ ತುಂಬುವಾಗ ಅಜ್ಜಿ ‘ಅಪ್ಪು’ ಅಂದದ್ದನ್ನೇ ಬರೆದುಕೊಂಡು, ಆ ಹುಡುಗ ಒಂಬತ್ತನೇ ತರಗತಿಯ ತನಕ ಹಾಜರಿಯಲ್ಲಿ ಅಪ್ಪು ಆಗಿಯೇ ಇದ್ದದ್ದನ್ನು ನೋಡಿದ್ದೇನೆ. ಹತ್ತನೇ ತರಗತಿಯ ಫಾರಂ ಬಂದಾಗ ಅಪ್ಪ ಅಮ್ಮ ಗಾಬರಿಯಾಗಿ ಓಡಿಬಂದರು. ಹುಡುಗನಿಗೆ ಮಾತ್ರ ಅಷ್ಟು ಹೊತ್ತಿಗೆ ಬೇರೆ ಹೆಸರು ಬೇಡವಾಗಿತ್ತು.

ಈಗ ನಿಮ್ಮ ಮನೆಗೆ ನಾನು ಏನು ಹೇಳುತ್ತೇನೆ ಅಂದರೆ, ಕಾಗದಕ್ಕೆ ರಮಣ.

ಯಾಕೆ ಅಂತ ಹೇಳುತ್ತೇನೆ. ಮಾವನವರ ಹೆಸರಿನ ಬಾಲದಲ್ಲೇ ಅದು ಇದೆ. ಮೂರೇ ಅಕ್ಷರ, ನಿಮ್ಮವರು ಕೇಳುವಷ್ಟು ಚಿಕ್ಕದು, ಹಳೆಯದು ಅಂತಲೂ ಅನಿಸುವುದಿಲ್ಲ. ಮರಾಠಿಯಲ್ಲಿ ‘ಣ’ ಇರುವುದರಿಂದ ದೇವನಾಗರಿಯಲ್ಲಿ ಒಂದಕ್ಷರವೂ ಕೆಡದೆ ಬರುತ್ತದೆ. ವೆಂಕಟ-ವ್ಯಂಕಟ ರಗಳೆಯೇ ಇಲ್ಲ. ಕುಲದೇವರ ಹೆಸರಿನ ಸ್ಥಾನದಲ್ಲಿ ಪೂರ್ತಿ ವೆಂಕಟರಮಣ ಇರಲಿ. ತೊಟ್ಟಿಲು ಶಾಸ್ತ್ರದ ದಿನ ಸೋದರತ್ತೆ ಕಿವಿಯಲ್ಲಿ ಹೇಳುವಾಗ ನಕ್ಷತ್ರದ ಹೆಸರು, ಆಮೇಲೆ ವೆಂಕಟರಮಣ, ಆಮೇಲೆ ರಮಣ ಅಂತ ಹೇಳಿಸಿ. ಅತ್ತೆಯ ಆಸೆ ಪೂರ್ತಿಯಾಗಿ ನಡೆದಂತೆ ಆಗುತ್ತದೆ. ಅವರ ಬಾಯಿಗೆ ರಮು ಬರುತ್ತದೆ. ಅದು ಗಂಡನ ಹೆಸರಿನಿಂದ ಸಾಕಷ್ಟು ದೂರ ಇದೆ. ತಮ್ಮ ತಂಗಿಯರಿಗೆ ರಮಣ್ಣ ಆಗುತ್ತಾನೆ, ಮರಾಠಿ ಮನೆಯ ಕಿರಿಯರಿಗೆ ರಮಣದಾದಾ. ಮೂರನೇ ಮಾಳಿಗೆಯಿಂದ ‘ರಮೂ...’ ಅಂತ ಕೂಗಿದರೆ ಬೀದಿಯ ಕೊನೆಗೂ ಕೇಳಿಸುತ್ತದೆ.

ಒಂದು ಅಡಚಣೆ ಇದೆ, ಮುಚ್ಚಿಡುವುದಿಲ್ಲ. ರಮಣನಿಗೆ ‘ಯಾ’ ಸೇರಿಸಿದರೆ ರಮ್ಯಾ ಆಗುತ್ತದೆ. ಧಾರವಾಡದಲ್ಲೂ ಇಲ್ಲೂ ರಮೇಶನಿಗೆ ಹಾಗೇ ಅನ್ನುತ್ತಾರೆ, ಮರಾಠಿ ಹುಡುಗರಿಗೆ ಅದು ವಿಚಿತ್ರ ಅನಿಸುವುದಿಲ್ಲ. ಆದರೆ ನಮ್ಮಲ್ಲಿ ರಮ್ಯಾ ಹೆಣ್ಣುಮಗಳ ಹೆಸರು, ತರಗತಿಯಲ್ಲಿ ಒಬ್ಬ ಕನ್ನಡದ ಹುಡುಗ ಇದ್ದರೂ ಚುಡಾಯಿಸುತ್ತಾನೆ. ಅದಕ್ಕೆ ಮನೆಯಿಂದಲೇ ರಮು ಗಟ್ಟಿಯಾಗಿ ರೂಢಿ ಆಗಬೇಕು. ಮನೆಯವರು ಗಟ್ಟಿಯಾಗಿ ಹಿಡಿದ ಹೆಸರನ್ನೇ ಗೆಳೆಯರೂ ಹೆಚ್ಚಾಗಿ ಹಿಡಿಯುತ್ತಾರೆ. ಇಲ್ಲಿಯ ಗೆಳೆಯರು ಐದಾರನೇ ತರಗತಿಯಿಂದ ಸರ್‌ನೇಮ್ ಹಿಡಿದು ಕರೆಯಲು ಶುರುಮಾಡುತ್ತಾರೆ ಅನ್ನೋದೂ ನಿಮ್ಮವರಿಗೆ ಗೊತ್ತಿರುತ್ತದೆ. ಶೆಟ್ಟಿ, ಪೂಜಾರಿ, ಭಟ್ ಅಂತ ಕರೆಸಿಕೊಂಡೇ ನಮ್ಮ ಹುಡುಗರು ಇಲ್ಲಿ ಬೆಳೆದದ್ದು.

ನಿಮ್ಮಪ್ಪನನ್ನು ತಡೆಯಬೇಡಿ. ಅವರು ವೆಂಕ್ಯಾ ಅನ್ನಲಿ. ಕಿವಿಯಲ್ಲಿ ಹೇಳಿದ ಹೆಸರಿನದೇ ತುಂಡು ಅದು, ಮೊಮ್ಮಗ ರಜೆಗೆ ಬಂದಾಗ ಮಾತ್ರ ಕೇಳುವ ಹೆಸರು. ಅಜ್ಜನೊಬ್ಬನೇ ಕರೆಯುವ ಹೆಸರು ಒಂದಿದ್ದರೆ ಮಗುವಿಗೆ ಗೊಂದಲ ಆಗುವುದಿಲ್ಲ. ಯಾರ ಬಾಯಿಂದ ಯಾವ ಹೆಸರು ಬರುತ್ತದೆ ಅಂತ ಎರಡು ವರ್ಷದ ಮಗುವಿಗೆ ಸರಿಯಾಗಿ ತಿಳಿಯುತ್ತದೆ. ನೀವು ಮಾಡಬೇಕಾದ್ದು ಒಂದೇ. ಮಾತು ಬರುವ ಹೊತ್ತಿಗೆ ದಿನಕ್ಕೆ ಒಂದೆರಡು ಸಲ ಪೂರ್ತಿ ‘ರಮಣ’ ಅಂತ ಕರೆಯಿರಿ, ‘ನಿನ್ನ ಹೆಸರೇನು?’ ಅಂತ ಕೇಳಿ ರಮಣ ಅಂತಲೇ ಹೇಳಿಸಿ. ಬಾಲವಾಡಿಯ ಮೊದಲ ದಿನ ಟೀಚರ್ ಕರೆದಾಗ ಅವನು ತಲೆ ಎತ್ತಬೇಕು.

ನಿಮ್ಮವರಿಗೆ ವಿಹಾನ್ ಮೇಲೆ ಇನ್ನೂ ಮನಸ್ಸಿದ್ದರೆ ಜಗಳ ಮಾಡಬೇಡಿ. ಅದು ಕೆಟ್ಟ ಹೆಸರಲ್ಲ. ಆದರೆ ವಿಹಾನ್, ವಿವಾನ್, ಅಯಾನ್, ರೆಯಾನ್ ಎಲ್ಲ ಒಂದೇ ತರಗತಿಯಲ್ಲಿ ಕೂತಿರುತ್ತಾರೆ. ಟೀಚರ್ ಒಬ್ಬರನ್ನು ಕರೆದರೆ ಮೂವರು ಎದ್ದು ನಿಲ್ಲುತ್ತಾರೆ. ಮತ್ತೆ, ಅದರಲ್ಲಿ ಅವರ ಅಪ್ಪ ಇಲ್ಲ. ರಮಣದಲ್ಲಿ ಇದ್ದಾರೆ. ಇದನ್ನು ನೀವು ಹೇಳುವುದಕ್ಕಿಂತ ಅವರೇ ಒಂದು ವಾರ ಮಗುವನ್ನು ರಮು ಅಂತ ಕರೆದು ನೋಡಲಿ.

ಹೆಸರು ಬರೆಸಲು ಹೋಗುವಾಗ ಒಂದು ಚೀಟಿಯಲ್ಲಿ ದೇವನಾಗರಿಯಲ್ಲಿ ‘ರಮಣ’ ಅಂತ ನೀವೇ ಬರೆದುಕೊಂಡು ಹೋಗಿ, ಇಂಗ್ಲಿಷ್ ನೋಡಿ ಮರಾಠಿ ಮಾಡಲು ಬಿಡಬೇಡಿ. ಇಂಗ್ಲಿಷಿನಲ್ಲಿ ಕೊನೆಯ ಎ ಇರಲಿ. ಅದಿದ್ದರೆ ಇಲ್ಲಿಯವರು ‘ರಮಣಾ’ ಅಂತ ಎಳೆದಾರು, ಅಷ್ಟೇ. ಅದು ಬಿಟ್ಟರೆ ಕನ್ನಡದವರೂ ಸೇರಿ ಎಲ್ಲರೂ ‘ರಮನ್’ ಅಂತ ಮೊಟಕು ಮಾಡುತ್ತಾರೆ, ಹೋದ ಸ್ವರ ಮತ್ತೆ ಬರುವುದಿಲ್ಲ. ನಿಮ್ಮ ಹೆಸರು, ನಿಮ್ಮವರ ಹೆಸರು ನಿಮ್ಮಿಬ್ಬರ ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಇದೆಯಾ ಅಂತ ನೋಡಿ. ಅಚ್ಚು ಹಾಕುವ ಮೊದಲು ಪರದೆಯ ಮೇಲೆ ತೋರಿಸಿ ಅಂತ ಕೇಳಿ, ಎರಡೂ ಸಾಲನ್ನು ಅಕ್ಷರ ಅಕ್ಷರ ಓದಿ. ಹಿಂದೆ ಸಾಲು ಉದ್ದ ಇದ್ದರೂ ಅವಸರ ಮಾಡಬೇಡಿ.